ಕೂಸು ಹುಟ್ಟುವ ಮುನ್ನ ಕುಲಾವಿ

ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೆಂದರೆ ವಚನ ಸಾಹಿತ್ಯ, ಹಂಪೆಯ ಶಿಲ್ಪ, ಮಕ್ಕಳಿಗೆ ಕನ್ನಡ ಕಲಿಸುವ ಬಗೆ, ಇಲ್ಲವೇ ತೌರಿನ ನೆನಪು ಎಂಬುದು ರೂಢಿ. ನಾನೂ ಅಂಥವನ್ನು ಬರೆದವಳೇ. ಈ ಸಲ ಷೇರುಪೇಟೆಯನ್ನು ಕುರಿತು ಬರೆಯಲು ಕುಳಿತಿದ್ದೇನೆಂದರೆ ಪರಿಚಿತರು ನಕ್ಕಾರು. ಮೈಸೂರಿನಲ್ಲಿ ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಐಚ್ಛಿಕವಾಗಿ ಓದಿ ಬಿ.ಎ. ಮಾಡಿದವಳು ನಾನು. ಪೇಟೆಯ ಒಳಹೊರಗನ್ನು ಬಲ್ಲೆನೆಂಬ ಭ್ರಮೆ ನನಗಿಲ್ಲ. ಒಂದು ಕಾಲದಲ್ಲಿ ಇತ್ತು ಎಂಬುದೇ ಈ ಲೇಖನಕ್ಕೆ ಕಾರಣ.

ಈಚೆಗೆ ಸ್ನೇಹಿತರ ಮನೆಯ ನಾಮಕರಣಕ್ಕೆ ಹೋಗಿದ್ದಾಗ ಹಿತ್ತಿಲ ಜಗಲಿಯಲ್ಲಿ ಎಳೆಯ ದಂಪತಿಗಳು ಕೆಲವರು ಕೃತಕ ಬುದ್ಧಿಮತ್ತೆಯ ಚಿಪ್ಪು ಮಾಡುವ ಕಂಪನಿಗಳ ಷೇರಿನ ಮಾತಿನಲ್ಲಿ ಮುಳುಗಿದ್ದರು. ಮುಂದಿನ ತ್ರೈಮಾಸಿಕದ ಗಳಿಕೆ ಎಷ್ಟಾಗಬಹುದು, ಚೀನಾಕ್ಕೆ ಮಾರಲು ಬಿಡುತ್ತಾರೋ ಇಲ್ಲವೋ, ಅರಬ್ ದೇಶಗಳು ಎಷ್ಟು ಕೊಂಡಾವು ಎಂದೆಲ್ಲ ಲೆಕ್ಕಾಚಾರ ನಡೆದಿತ್ತು. ತೊಟ್ಟಿಲ ಕೂಸು ಅಳುತ್ತಿದ್ದರೂ ತಾಯಿಯ ಕಣ್ಣು ಅಂಗೈಯೊಳಗಿನ ಫೋನಿನ ಮೇಲಿತ್ತು. ನಾನು ಕೋಸಂಬರಿಯ ಪಾತ್ರೆ ಹಿಡಿದು ನಿಂತವಳು ನಿಂತೇ ಇದ್ದೆ. ಆ ಮಾತುಗಳ ವರಸೆ, ಆ ಪಿಸುದನಿ, ಆ ಚೀನಾ ಕೂಡ ನನಗೆ ಚೆನ್ನಾಗಿ ಪರಿಚಿತವಾಗಿದ್ದವು.

ಮದುವೆಯಾಗಿ 1996ರಲ್ಲಿ ಅಮೆರಿಕಕ್ಕೆ ಬಂದಾಗ ನಾವು ಇಳಿದದ್ದು ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯ ಸ್ಯಾನ್ ಡಿಯೇಗೋ ನಗರದಲ್ಲಿ. ಅದು ನೌಕಾಪಡೆಯ ಊರು, ಕಡಲತೀರದ ಊರು. ಅದರೊಡನೆ ಕ್ವಾಲ್‌ಕಾಮ್ ಕಂಪನಿಯ ಊರು. ನಮ್ಮವರು ದುಡಿಯುತ್ತಿದ್ದುದು ಬೇರೊಂದು ಸಂಸ್ಥೆಯಲ್ಲಾದರೂ ಕ್ವಾಲ್‌ಕಾಮಿನ ಹೆಸರು ಕೇಳದೆ ಒಂದು ದಿನ ಕಳೆಯುವಂತಿರಲಿಲ್ಲ. ಊರಿನ ದೊಡ್ಡ ಕ್ರೀಡಾಂಗಣಕ್ಕೆ 1997ರಲ್ಲಿ 1 ಕೋಟಿ 80 ಲಕ್ಷ ಡಾಲರ್ ಕೊಟ್ಟು ಕಂಪನಿಯವರು ತಮ್ಮ ಹೆಸರಿಡಿಸಿದರು. ಮೀರಾ ಮೇಸಾದ ಭಾರತೀಯ ದಿನಸಿ ಅಂಗಡಿಯಲ್ಲಿ ತೊಗರಿಬೇಳೆಯ ಮೂಟೆ ಎತ್ತುವಾಗ ಪಕ್ಕದಲ್ಲಿ ನಿಂತವರು ಅಲ್ಲಿಯ ಎಂಜಿನಿಯರೋ ಅವರ ಮನೆಯಾಕೆಯೋ ಆಗಿರುವುದು ಸಾಮಾನ್ಯ.

ಇಲ್ಲಿ ಆ ಕಂಪನಿಯ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಇರ್ವಿನ್ ಜೇಕಬ್ಸ್, ಆಂಡ್ರ್ಯೂ ವಿಟರ್ಬಿ ಮತ್ತು ಅವರ ಐವರು ಸಂಗಡಿಗರು 1985ರ ಜುಲೈ ತಿಂಗಳಿನಲ್ಲಿ ಇದನ್ನು ಕಟ್ಟಿದರು. ಮೊದಲಿಗೆ ಲಾರಿಗಳು ಎಲ್ಲಿವೆ ಎಂದು ಉಪಗ್ರಹದ ಮೂಲಕ ಪತ್ತೆಹಚ್ಚಿ, ಚಾಲಕರಿಗೆ ಸಂದೇಶ ಮುಟ್ಟಿಸುವ ಸಾಧನವನ್ನು ಮಾರಿ ಜೀವ ಹಿಡಿದುಕೊಂಡರು. ಆದರೆ ಅವರ ಮನಸ್ಸೆಲ್ಲ ಇದ್ದದ್ದು ಸಿ.ಡಿ.ಎಂ.ಎ. ಎಂಬ ನಿಸ್ತಂತು ದೂರವಾಣಿ ವಿಧಾನದ ಮೇಲೆ.

ಅದೇನೆಂದು ನಮ್ಮವರು ನನಗೆ ವಿವರಿಸಿದ್ದು ಊಟದ ಸಾಲಿನ ಉಪಮೆಯಿಂದ. ಈ ಸಮ್ಮೇಳನದ ಭೋಜನಶಾಲೆಯನ್ನೇ ನೆನೆಯಿರಿ. ನೂರಾರು ಜನ ಒಟ್ಟಿಗೆ ಮಾತನಾಡುತ್ತಿದ್ದಾರೆ. ಗೊಂದಲ ತಪ್ಪಿಸಲು ಒಬ್ಬೊಬ್ಬ ಜೋಡಿಯನ್ನು ಒಂದೊಂದು ಕೋಣೆಗೆ ಕಳಿಸಬಹುದು. ಅದು ಹಳೆಯ ವಿಧಾನ. ಒಂದೇ ಕೋಣೆಯಲ್ಲಿ ಸರದಿಯ ಮೇಲೆ ಮಾತನಾಡಿಸಬಹುದು, ಯೂರೋಪಿನ ಜಿ.ಎಸ್.ಎಂ. ವಿಧಾನದಲ್ಲಿ ಈ ಸರದಿಯೇ ಮುಖ್ಯ. ಎಲ್ಲರೂ ಒಂದೇ ಕೋಣೆಯಲ್ಲಿ ಒಮ್ಮೆಗೇ ಮಾತನಾಡಲಿ, ಆದರೆ ಒಂದೊಂದು ಜೋಡಿ ಒಂದೊಂದು ಭಾಷೆಯಲ್ಲಿ ಆಡಲಿ ಎಂಬುದು ಸಿ.ಡಿ.ಎಂ.ಎ. ಸುತ್ತ ಎಷ್ಟು ಗದ್ದಲವಿದ್ದರೂ ನಮ್ಮ ಕಿವಿ ಕನ್ನಡವನ್ನು ಹೆಕ್ಕಿಕೊಳ್ಳುವುದಿಲ್ಲವೇ, ಹಾಗೆ. ಒಂದೇ ತೊಡಕು: ಹತ್ತಿರದವರು ಕೂಗಿದರೆ ದೂರದವರ ಮಾತು ಮುಳುಗಿಹೋಗುತ್ತದೆ. ಅದಕ್ಕಾಗಿ ಪ್ರತಿಯೊಂದು ಫೋನಿನ ದನಿಯನ್ನೂ ಸೆಕೆಂಡಿಗೆ 800 ಬಾರಿ ಏರಿಸಿ ಇಳಿಸಿ ಹದಗೊಳಿಸುವ ಉಪಾಯ ಹೂಡಿದರು. ಇದು ಆಗಿಹೋಗುವ ಕೆಲಸವಲ್ಲವೆಂದು ಹಲವು ತಜ್ಞರು ತಳ್ಳಿಹಾಕಿದ್ದರಂತೆ. 1989ರ ನವೆಂಬರಿನಲ್ಲಿ ಸ್ಯಾನ್ ಡಿಯೇಗೋದಲ್ಲಿ ಉದ್ಯಮದ ಅತಿಥಿಗಳ ಮುಂದೆ ಪ್ರದರ್ಶನ ಏರ್ಪಡಿಸಿದಾಗ ಕಡೆಯ ಗಳಿಗೆಯಲ್ಲಿ ಯಂತ್ರ ಕೈಕೊಟ್ಟು, ಎಂಜಿನಿಯರುಗಳು ಅದನ್ನು ಸರಿಪಡಿಸಿ ಸನ್ನೆ ಮಾಡುವವರೆಗೆ ಜೇಕಬ್ಸ್ ಭಾಷಣವನ್ನು ಎಳೆಯುತ್ತಲೇ ಇರಬೇಕಾಯಿತು. ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಮೈಕು ಕೆಟ್ಟಾಗ ನಿರೂಪಕಿಯಾಗಿ ನಿಂತು ಬೆವರಿದ ಅನುಭವ ನನಗಿರುವುದರಿಂದ ಈ ಪ್ರಸಂಗ ಬಹಳ ಪ್ರಿಯವಾದದ್ದು.

ತಂತ್ರಜ್ಞಾನವೇನೋ ಗೆದ್ದಿತು. ಆದರೆ ಯೂರೋಪೆಲ್ಲ ಜಿ.ಎಸ್.ಎಂ. ಹಿಡಿದಿತ್ತು, ಅಮೆರಿಕದಲ್ಲಿಯೂ ಕೆಲವು ಕಂಪನಿಗಳಷ್ಟೇ ಇದನ್ನು ಒಪ್ಪಿದ್ದವು. ಆದ್ದರಿಂದ ಕ್ವಾಲ್‌ಕಾಮಿನ ಹಣೆಬರಹ ಹೊರದೇಶಗಳ ಕೈಯಲ್ಲಿತ್ತು. 1995ರಲ್ಲಿ ಹಾಂಗ್‌ಕಾಂಗಿನಲ್ಲಿ, 1996ರ ಜನವರಿಯಲ್ಲಿ ದಕ್ಷಿಣ ಕೊರಿಯಾದಲ್ಲಿ ಸೇವೆ ಆರಂಭವಾಯಿತು. ಕೊರಿಯಾದ ಸರ್ಕಾರ ಇಡೀ ದೇಶಕ್ಕೆ ಇದೊಂದೇ ವಿಧಾನ ಎಂದು ಗೊತ್ತುಮಾಡಿದ್ದು ಕಂಪನಿಯ ಪಾಲಿಗೆ ದೊಡ್ಡ ಆಸರೆಯಾಯಿತು. ಎಲ್ಲಿಯೇ ಆಗಲಿ ಒಂದು ಸಿ.ಡಿ.ಎಂ.ಎ. ಫೋನು ಮಾರಾಟವಾದರೆ ಕ್ವಾಲ್‌ಕಾಮಿಗೆ ಎರಡು ದಾರಿಯಿಂದ ಹಣ ಬರುತ್ತಿತ್ತು: ಚಿಪ್ಪು ಮಾರಿದ ಲಾಭ ಒಂದು, ಪೇಟೆಂಟಿನ ರಾಯಧನ ಇನ್ನೊಂದು. ತೋಟವನ್ನು ಗೇಣಿಗೆ ಕೊಟ್ಟು ಗೊಬ್ಬರವನ್ನೂ ತಾವೇ ಮಾರಿದಂತೆ.

ನಾನಿದ್ದದ್ದು ಅವಲಂಬಿತರ ವೀಸಾದಲ್ಲಿ, ಉದ್ಯೋಗ ಮಾಡುವಂತಿರಲಿಲ್ಲ. ಷೇರು ಕೊಳ್ಳುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. ನ್ಯೂಯಾರ್ಕಿನ ಪೇಟೆ ನಮ್ಮ ಕಡೆಯ ಗಡಿಯಾರದಲ್ಲಿ ಬೆಳಿಗ್ಗೆ ಆರೂವರೆಗೆ ತೆರೆಯುತ್ತದೆ. ಊಟದ ಡಬ್ಬಿಗೆ ಚಪಾತಿ ಲಟ್ಟಿಸುತ್ತಾ ದೂರದರ್ಶನದ ಪರದೆಯ ಕೆಳಗೆ ಹರಿಯುವ ಅಂಕಿಗಳ ಸಾಲಿನಲ್ಲಿ ಕ್ಯೂ.ಸಿ.ಓ.ಎಂ. ಎಂಬ ನಾಲ್ಕಕ್ಷರಕ್ಕೆ ಕಾಯುವುದು 1999ರಲ್ಲಿ ನನಗೆ ಸಂಧ್ಯಾವಂದನೆಯಷ್ಟು ನಿಯಮಿತವಾಗಿತ್ತು. ನಾನೊಬ್ಬಳೇ ಅಲ್ಲ. ಹಗಲಿಡೀ ಮನೆಯಲ್ಲಿರುವ ನಮ್ಮಂಥ ಏಳೆಂಟು ಹೆಂಗಸರ ನಡುವೆ ಫೋನಿನ ಮಾತು ಮೆಂತ್ಯದ ಹಿಟ್ಟಿನಿಂದ ಆರಂಭವಾದರೂ ಮುಗಿಯುತ್ತಿದ್ದುದು ತ್ರೈಮಾಸಿಕ ಗಳಿಕೆಯಲ್ಲಿ.

ಈ ಗಳಿಕೆಯ ಊಹಾಪೋಹವೇ ಒಂದು ವಿಚಿತ್ರ ಲೋಕ. ಕ್ವಾಲ್‌ಕಾಮಿನ ಲೆಕ್ಕದ ವರ್ಷ ಸೆಪ್ಟೆಂಬರಿಗೆ ಮುಗಿಯುತ್ತದೆ. ವರ್ಷಕ್ಕೆ ನಾಲ್ಕು ಬಾರಿ ಫಲಿತಾಂಶ. ಅದಕ್ಕೆ ಮೊದಲು ದಲ್ಲಾಳಿ ಸಂಸ್ಥೆಗಳ ವಿಶ್ಲೇಷಕರು ತಮ್ಮ ತಮ್ಮ ಅಂದಾಜು ಹೇಳುತ್ತಾರೆ; ಅವುಗಳ ಸರಾಸರಿ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಪೇಟೆ ನಂಬುತ್ತಿದ್ದುದು ಅದನ್ನಲ್ಲ. ಅದರ ಹಿಂದೆ ಕಿವಿಯಿಂದ ಕಿವಿಗೆ ಹರಿಯುವ ಇನ್ನೊಂದು ಅಂಕಿ ಇರುತ್ತಿತ್ತು. ಪಿಸುಮಾತಿನ ಅಂಕಿ ಎಂದೇ ಅದನ್ನು ಕರೆಯುತ್ತಿದ್ದರು. ಪತ್ರಿಕೆಯಲ್ಲಿ ಷೇರೊಂದಕ್ಕೆ 25 ಸೆಂಟು ಎಂದಿರಲಿ, ಪಿಸುಮಾತು 28 ಎಂದಿರಲಿ. ಕಂಪನಿ 26 ಗಳಿಸಿದರೆ ಅಂದಾಜನ್ನು ಮೀರಿದಂತಾಯಿತಲ್ಲವೇ? ಆದರೂ ಷೇರಿನ ಬೆಲೆ ಇಳಿಯುತ್ತಿತ್ತು. ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಬಂದ ಹುಡುಗ ರ‍್ಯಾಂಕು ಬರಲಿಲ್ಲವೆಂದು ಏಟು ತಿನ್ನುವ ಮನೆಗಳು ನಮ್ಮಲ್ಲಿಯೂ ಉಂಟಷ್ಟೆ.

1999ರ ಮಾರ್ಚಿನಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿ ಕ್ವಾಲ್‌ಕಾಮಿನೊಡನೆ ಇದ್ದ ಪೇಟೆಂಟ್ ವ್ಯಾಜ್ಯವನ್ನು ರಾಜಿಯಲ್ಲಿ ಮುಗಿಸಿ, ಅದರ ಜಾಲ ಸಲಕರಣೆಯ ವಿಭಾಗವನ್ನೇ ಕೊಂಡುಕೊಂಡಿತು. ಮುಂದೆ ಬರಲಿರುವ ಮೂರನೆಯ ತಲೆಮಾರಿನ ಫೋನುಗಳೆಲ್ಲ, ಜಿ.ಎಸ್.ಎಂ. ದೇಶಗಳವೂ ಸೇರಿ, ಸಿ.ಡಿ.ಎಂ.ಎ. ತತ್ವವನ್ನೇ ಆಧರಿಸುತ್ತವೆ ಎಂಬುದು ಖಚಿತವಾಯಿತು. ಅಲ್ಲಿಂದ ಷೇರು ಏರತೊಡಗಿತು ನೋಡಿ! ಮೇ ತಿಂಗಳಿನಲ್ಲಿ ಒಂದು ಷೇರನ್ನು ಎರಡು ಮಾಡಿದರು. ಡಿಸೆಂಬರ್ 29ರಂದು ದಲ್ಲಾಳಿ ಸಂಸ್ಥೆಯೊಂದರ ವಿಶ್ಲೇಷಕರು ಇನ್ನೊಂದು ವರ್ಷದಲ್ಲಿ ಇದು ಸಾವಿರ ಡಾಲರ್ ಮುಟ್ಟುತ್ತದೆ ಎಂದು ಬರೆದರು. ಆ ಒಂದೇ ದಿನ ಷೇರು 156 ಡಾಲರ್ ಏರಿ 659ಕ್ಕೆ ನಿಂತಿತು. ವರ್ಷ ಮುಗಿಯುವ ಮುನ್ನವೇ ಒಂದನ್ನು ನಾಲ್ಕು ಮಾಡಿದರು. 1999ರ ಒಂದೇ ವರ್ಷದಲ್ಲಿ ಅದರ ಬೆಲೆ ಏರಿದ್ದು ಶೇಕಡ 2,600ಕ್ಕೂ ಮಿಗಿಲು. ಜನವರಿಯಲ್ಲಿ ಸಾವಿರ ಡಾಲರ್ ಹಾಕಿದ್ದವರ ಬಳಿ ಡಿಸೆಂಬರಿಗೆ 27 ಸಾವಿರ. ಊರಿನಲ್ಲಿ 'ಕ್ವಾಲ್‌ಕಾಮ್ ಲಕ್ಷಾಧೀಶರು' ಎಂಬ ಹೊಸ ಜಾತಿಯೇ ಹುಟ್ಟಿಕೊಂಡಿತು. ನೆನ್ನೆಯವರೆಗೆ ನಮ್ಮೊಡನೆ ರಿಯಾಯಿತಿ ಚೀಟಿ ಕತ್ತರಿಸುತ್ತಿದ್ದವರು ಕಡಲು ಕಾಣುವ ಮನೆ ನೋಡಲು ಹೋಗುತ್ತಿದ್ದರು.

ನಮ್ಮ ಬಳಿ ಆಗ 18 ಸಾವಿರ ಡಾಲರ್ ಇತ್ತು. ಅದು ಮೈಸೂರಿನ ದಟ್ಟಗಳ್ಳಿಯಲ್ಲಿ ಒಂದು ಸೈಟಿಗೆಂದು ಕೂಡಿಟ್ಟದ್ದು. ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣ ಎಂದು ಕರೆಯುವ ರೂಢಿ. ಅಣ್ಣ ನಿವೃತ್ತ ಗಣಿತದ ಮೇಷ್ಟ್ರು. ಸೈಟನ್ನು ನೋಡಿ, ಅಳತೆ ಹಿಡಿದು, ಮೂಲೆಯಲ್ಲಿದ್ದ ಹೊಂಗೆಯ ಮರವನ್ನು ಕಡಿಯಕೂಡದೆಂದು ಮಾಲೀಕರಿಗೆ ಈಗಲೇ ತಾಕೀತು ಮಾಡಿ ನನಗೆ ಕಾಗದ ಬರೆದಿದ್ದರು. ನಾವು ಹಿಂದಿರುಗಿ ಬರುತ್ತೇವೆಂಬ ನಂಬಿಕೆ ಅವರಿಗೆ. ಆಗ ನಮಗೂ ಇತ್ತು.

ಆ ಹಣವನ್ನು ಆರು ತಿಂಗಳು ಷೇರಿನಲ್ಲಿಟ್ಟರೆ ಸೈಟಿನ ಜೊತೆಗೆ ಮನೆಯೂ ಏಳುತ್ತದೆ ಎಂದು ಹಟ ಹಿಡಿದವಳು ನಾನು. "ತಂತ್ರಜ್ಞಾನ ಒಳ್ಳೆಯದೇ. ಆದರೆ ಆ ಒಳ್ಳೆಯತನಕ್ಕೆ ಈಗಾಗಲೇ ಬೆಲೆ ಕಟ್ಟಿಬಿಟ್ಟಿದ್ದಾರಲ್ಲ" ಎಂದು ನಮ್ಮವರು ಗೊಣಗಿದರು. "ನಿಮಗೆ ಯಾವಾಗಲೂ ಅನುಮಾನ. ಚೀನಾ ಒಂದು ಬರಲಿ, ಆಮೇಲೆ ನೋಡಿ" ಎಂದೆ ನಾನು. 2000ದ ಜನವರಿ 3, ಸೋಮವಾರ, ಪೇಟೆ ತೆರೆದ ಮೊದಲ ದಿನವೇ ನೂರು ಷೇರು ಕೊಂಡೆವು, ಒಂದಕ್ಕೆ 180 ಡಾಲರಿನ ಆಸುಪಾಸಿನಲ್ಲಿ. ಆ ದಿನ ಬೆಲೆ ಒಂದು ಗಳಿಗೆ 200ನ್ನು ಮುಟ್ಟಿತು. ರಾತ್ರಿ ಪಾಯಸ ಮಾಡಿದೆ. ಅದೇ ವಾರ ಇಳಿಕೆ ತೊಡಗಿತು.

ಅಣ್ಣನಿಗೆ ಫೋನಿನಲ್ಲಿ ಒಪ್ಪಿಸಲು ಹೋದೆ. ಅವರು ಕೇಳಿದ್ದು ಎರಡೇ ಪ್ರಶ್ನೆ. ಕಂಪನಿಯ ವರ್ಷದ ಲಾಭ ಎಷ್ಟು? 1999ರ ಲೆಕ್ಕದಲ್ಲಿ ಸುಮಾರು 20 ಕೋಟಿ ಡಾಲರ್. ಎಲ್ಲ ಷೇರುಗಳ ಒಟ್ಟು ಬೆಲೆ ಎಷ್ಟು? ಹತ್ತು ಸಾವಿರ ಕೋಟಿ ಡಾಲರಿಗೂ ಹೆಚ್ಚು. ಆ ಕಡೆ ಕ್ಷಣಕಾಲ ಮೌನ. "ಹಾಗಾದರೆ ವರ್ಷದ ಬಾಡಿಗೆಯ ಐನೂರು ಪಟ್ಟು ಕೊಟ್ಟು ಮನೆ ಕೊಂಡ ಹಾಗಾಯಿತಲ್ಲ ಮಗು" ಎಂದರು. ಬಾಡಿಗೆ ಬೆಳೆಯುತ್ತದೆ ಅಣ್ಣ, ಕೊರಿಯಾ ಇದೆ, ಚೀನಾ ಬರುತ್ತದೆ, ನಾಳೆ ನಮ್ಮ ಭಾರತವೂ ಬರುತ್ತದೆ ಎಂದೆ. "ಬರಬಹುದು" ಎಂದಷ್ಟೇ ಹೇಳಿ, ಸೈಟಿನವರಿಗೆ ಏನು ಹೇಳಲಿ ಎಂದು ಕೇಳಿದರು. ಆರು ತಿಂಗಳು ತಡೆಯಲು ಹೇಳಿ ಎಂದೆ. ಅವರು ತಡೆಯಲಿಲ್ಲ, ಯುಗಾದಿಯ ಹೊತ್ತಿಗೆ ಬೇರೆಯವರಿಗೆ ನೋಂದಣಿಯಾಯಿತು.

2000ದ ಫೆಬ್ರವರಿಯಲ್ಲಿ ಚೀನಾ ಯೂನಿಕಾಮ್ ಜೊತೆ ಒಪ್ಪಂದವಾಯಿತೆಂದು ಸುದ್ದಿ ಬಂತು. ನಾನು ಗೆದ್ದೆನೆಂದುಕೊಂಡೆ. ಬೆನ್ನಿಗೇ ಆ ಯೋಜನೆ ಮುಂದಕ್ಕೆ ಹೋಯಿತೆಂದು ಇನ್ನೊಂದು ಸುದ್ದಿ. ಬೇಸಿಗೆಯಲ್ಲಿ ಯೂನಿಕಾಮ್ ಈ ವಿಧಾನವನ್ನು ಸದ್ಯಕ್ಕೆ ಹಿಡಿಯುವುದೇ ಇಲ್ಲವೆಂಬ ವರದಿ. ಅದೇ ಜೂನ್ ತಿಂಗಳಿನಲ್ಲಿ ಕೊರಿಯಾದಲ್ಲಿ ಫೋನು ಕೊಳ್ಳುವವರಿಗೆ ಸೇವಾ ಕಂಪನಿಗಳು ಕೊಡುತ್ತಿದ್ದ ರಿಯಾಯಿತಿಯನ್ನು ಸರ್ಕಾರ ನಿಲ್ಲಿಸಿತು. ಅಲ್ಲಿ ಮಾರಾಟ ಕುಸಿಯಿತು. ಸೋಲ್ ನಗರದ ಅಂಗಡಿಯಲ್ಲಿ ಯಾವನೋ ಹುಡುಗ ಈ ವರ್ಷ ಹೊಸ ಫೋನು ಬೇಡವೆಂದರೆ ಸ್ಯಾನ್ ಡಿಯೇಗೋದ ನಮ್ಮ ಅಡಿಗೆಮನೆಯಲ್ಲಿ ಅದರ ಏಟು ಬೀಳುತ್ತಿತ್ತು. ಸುದ್ದಿಯೊಂದಕ್ಕೆ ಹತ್ತು ಡಾಲರ್ ಮೇಲೆ, ಸುದ್ದಿಯೊಂದಕ್ಕೆ ಹದಿನೈದು ಡಾಲರ್ ಕೆಳಗೆ. ಆ ವರ್ಷದ ನಡುವಿಗೆ ಬೆಲೆ ಅರವತ್ತರ ಆಸುಪಾಸಿಗೆ ಬಂದಿತ್ತು. ಬೀಜಿಂಗಿನ ಮಂತ್ರಾಲಯಗಳಲ್ಲಿ ಯಾರು ಯಾರ ಪರ ಎಂಬುದನ್ನು ನಾನು ನಮ್ಮ ಊರಿನ ರಾಜಕೀಯಕ್ಕಿಂತ ಚೆನ್ನಾಗಿ ಓದಿಕೊಂಡಿದ್ದೆ. ಅದರಿಂದ ಆದ ಪ್ರಯೋಜನ ಮಾತ್ರ ಶೂನ್ಯ.

ಇಡೀ ಪೇಟೆಯೂ ಆ ಮಾರ್ಚಿನಲ್ಲಿ ಶಿಖರ ಮುಟ್ಟಿ ಉರುಳತೊಡಗಿತ್ತು. 5,048ರಲ್ಲಿದ್ದ ನ್ಯಾಸ್‌ಡ್ಯಾಕ್ ಸೂಚ್ಯಂಕ 2002ರ ಅಕ್ಟೋಬರಿಗೆ 1,114ಕ್ಕೆ ಇಳಿಯಿತು ಎಂದರೆ ಸಾಕು. 2002ರಲ್ಲಿ ನಮ್ಮವರ ಸಂಸ್ಥೆಯಲ್ಲಿ ಸಿಬ್ಬಂದಿ ಕಡಿತವಾಗಿ ಕೆಲಸ ಹೋಯಿತು. ಹಸಿರು ಕಾರ್ಡು ಆ ವೇಳೆಗೆ ಕೈಸೇರಿದ್ದುದೊಂದು ಪುಣ್ಯ. ಮಗಳಿಗೆ ಆಗ ಮೂರು ವರ್ಷ. ಆಗಸ್ಟಿನಲ್ಲಿ ಬಾಡಿಗೆ ಕಟ್ಟಲೆಂದು ಆ ನೂರು ಷೇರುಗಳನ್ನು ಮಾರಿದೆವು. ಒಂದಕ್ಕೆ ಸಿಕ್ಕಿದ್ದು 26 ಡಾಲರಿನ ಹತ್ತಿರ. 18 ಸಾವಿರ ಹೋಗಿ 2,600 ಬಂದಿತ್ತು. ಮಾರುವ ಗುಂಡಿ ಒತ್ತಿದವರು ನಮ್ಮವರು, ನಾನು ಕೋಣೆಯಲ್ಲಿರಲಿಲ್ಲ. ಅವರು ಅಂದೂ ಏನೂ ಅನ್ನಲಿಲ್ಲ, ಇಂದಿನವರೆಗೂ ಅಂದಿಲ್ಲ. ಒಂದು ಮಾತು ಅಂದಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ.

ಇದರಲ್ಲಿ ಕಂಪನಿಯ ತಪ್ಪೇನೂ ಇಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಅವರು ಮಾಡುತ್ತೇವೆಂದದ್ದನ್ನು ಬಹುಮಟ್ಟಿಗೆ ಮಾಡಿದರು. ಹೊರದೇಶಗಳಲ್ಲಿ ಹೂಡಿದ್ದ ಬಂಡವಾಳವನ್ನು 1998ರಲ್ಲಿಯೇ ಬೇರ್ಪಡಿಸಿ ಲೀಪ್ ವೈರ್‌ಲೆಸ್ ಎಂಬ ಬೇರೆ ಸಂಸ್ಥೆ ಮಾಡಿ, ಷೇರುದಾರರಿಗೆ ನಾಲ್ಕಕ್ಕೆ ಒಂದರಂತೆ ಅದರ ಷೇರು ಹಂಚಿದ್ದರು. ಆ ಲೀಪ್ 2003ರ ಏಪ್ರಿಲಿನಲ್ಲಿ ದಿವಾಳಿ ಅರ್ಜಿ ಹಾಕಿತು. ಹಳೆಯ ಷೇರುಗಳು ಕಾಗದವಾದವು. ನೆಟ್ಟವರು ಉಳಿದರು, ಕವಲು ಒಣಗಿತು. ಯಾವುದು ಬೇರು, ಯಾವುದು ಕವಲು ಎಂದು 1999ರಲ್ಲಿ ಹೇಳಬಲ್ಲವರು ನಮ್ಮ ಗುಂಪಿನಲ್ಲಂತೂ ಇರಲಿಲ್ಲ.

ನಾನು ಅಣ್ಣನಿಗೆ ಹೇಳಿದ್ದೆಲ್ಲ ಒಂದೊಂದಾಗಿ ನಿಜವಾಯಿತು. 2002ರ ಜನವರಿಯಲ್ಲಿ ಚೀನಾ ಯೂನಿಕಾಮ್ ಸಿ.ಡಿ.ಎಂ.ಎ. ಸೇವೆ ಆರಂಭಿಸಿತು. ಅದೇ ವರ್ಷದ ಡಿಸೆಂಬರ್ 28ರಂದು ಭಾರತದಲ್ಲಿ ರಿಲಯನ್ಸ್ ಇನ್ಫೋಕಾಮ್ ಇದೇ ವಿಧಾನದ ಜಾಲಕ್ಕೆ ಚಾಲನೆ ಕೊಟ್ಟಿತು. 2003ರ ಮುಂಗಾರಿನಲ್ಲಿ ಅವರು 501 ರೂಪಾಯಿ ಮುಂಗಡಕ್ಕೆ ಫೋನು ಕೊಡತೊಡಗಿದಾಗ ತರಕಾರಿ ಗಾಡಿಯವರಿಂದ ಆಟೋ ಚಾಲಕರವರೆಗೆ ಸಾಲು ನಿಂತರೆಂಬುದು ಓದುಗರಲ್ಲಿ ಹಲವರಿಗೆ ನೆನಪಿರಬಹುದು. ಅದುವರೆಗೆ ಮೊಬೈಲೆಂದರೆ ಸಿರಿವಂತರ ಸೊತ್ತಾಗಿತ್ತು.

ಆ ಸಾಲಿನಲ್ಲಿ ಅಣ್ಣನೂ ನಿಂತಿದ್ದರು. ಒಂದು ಸಂಜೆ, ಅಂದರೆ ಅವರಿಗೆ ಬೆಳಗಿನ ಜಾವ, ನಮ್ಮ ಮನೆಯ ಫೋನು ಬಡಿದುಕೊಂಡಿತು. ದನಿ ಬಹಳ ಸ್ಪಷ್ಟವಾಗಿತ್ತು. ಅಂಗಳದಲ್ಲಿ ಕಾಗೆ ಕೂಗಿದ್ದೂ ಅಮ್ಮ ನೀರು ಚಿಮುಕಿಸಿದ್ದೂ ಕೇಳಿಸಿತು. "ತುಳಸಿಕಟ್ಟೆಯ ಹತ್ತಿರ ನಿಂತು ಮಾತಾಡುತ್ತಿದ್ದೇನೆ ಕಣಮ್ಮ, ತಂತಿಯೇ ಇಲ್ಲ" ಎಂದರು. ಆಮೇಲೆ, "ಅಂಗಡಿಯ ಹುಡುಗನನ್ನು ಕೇಳಿದೆ, ಇದು ಸಿ.ಡಿ.ಎಂ.ಎ. ಅಂತೆ. ಅಂದಮೇಲೆ ಇದರಲ್ಲಿ ನಿನ್ನ ಕಂಪನಿಗೂ ನಾಲ್ಕು ಕಾಸು ಹೋಗುತ್ತೆ. ನಿನ್ನ ಮಾತು ನಿಜವಾಯಿತಲ್ಲ, ಷೇರು ಈಗ ಹೇಗಿದೆ?" ಎಂದು ಕೇಳಿದರು. ಮಾರಿದ್ದನ್ನು ಅವರಿಗೆ ನಾನು ಹೇಳಿರಲಿಲ್ಲ. ಚೆನ್ನಾಗಿದೆ ಅಣ್ಣ ಎಂದೆ. ಅದೇನೂ ಪೂರ್ತಿ ಸುಳ್ಳಲ್ಲ. ಷೇರು ಚೇತರಿಸಿಕೊಳ್ಳುತ್ತಿತ್ತು, ನಮ್ಮ ಬಳಿ ಇರಲಿಲ್ಲ ಅಷ್ಟೆ.

ಆ ನೂರು ಷೇರುಗಳನ್ನು ಬಿಡದೆ ಇಟ್ಟುಕೊಂಡಿದ್ದರೆ 2004ರ ವಿಭಜನೆಯಲ್ಲಿ ಇನ್ನೂರಾಗುತ್ತಿದ್ದವು. 2000ದ ಆ ಸೋಮವಾರದ ಬೆಲೆಯನ್ನು ಕ್ವಾಲ್‌ಕಾಮ್ ಮತ್ತೆ ಮುಟ್ಟಿದ್ದು 2019ರ ಕೊನೆಯ ಹೊತ್ತಿಗೆ. ಆ ವರ್ಷ ಏಪ್ರಿಲ್ 16ರಂದು ಆಪಲ್ ಕಂಪನಿಯೊಡನೆ ವ್ಯಾಜ್ಯ ರಾಜಿಯಾದಾಗ ಒಂದೇ ದಿನ ಶೇಕಡ 23ರಷ್ಟು ಏರಿತ್ತು. ಹತ್ತಿರ ಹತ್ತಿರ ಇಪ್ಪತ್ತು ವರ್ಷ! ಅಷ್ಟರಲ್ಲಿ ಜಗತ್ತಿನ ಕೋಟ್ಯಂತರ ಜನರ ಕೈಗೆ ಆ ಕಂಪನಿಯ ಚಿಪ್ಪು ತಲುಪಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂದು ನಮ್ಮ ಗಾದೆ ಗೇಲಿ ಮಾಡುವುದು ಕೂಸು ಹುಟ್ಟದೆ ಹೋದವರನ್ನು. ನಮ್ಮ ಸಂಗತಿಯಲ್ಲಿ ಕೂಸು ಹುಟ್ಟಿತು, ಎದ್ದು ಓಡಾಡಿತು, ನಾನು ಹೇಳಿದ ಊರುಗಳಿಗೆಲ್ಲ ಹೋಗಿ ಬಂತು. ಕುಲಾವಿಗೆ ಮಾತ್ರ ನಾವು ಮದುವೆಯ ಸೀರೆಯ ಬೆಲೆ ಕೊಟ್ಟಿದ್ದೆವು.

ನಾಮಕರಣದ ಮನೆಯಲ್ಲಿ ಆ ಎಳೆಯ ತಾಯಿ ನನ್ನನ್ನೂ ಕೇಳಿದಳು, "ಆಂಟೀ, ನೀವು ಷೇರಿನಲ್ಲಿ ಏನಾದರೂ ಇಟ್ಟಿದ್ದೀರಾ?" ಒಂದು ಕಾಲದಲ್ಲಿ ಇಟ್ಟಿದ್ದೆ ಎಂದೆ. ಯಾವುದರಲ್ಲಿ ಎಂದು ಅವಳು ಕೇಳಲಿಲ್ಲ. ಅಷ್ಟರಲ್ಲಿ ಆರತಿಗೆ ಕರೆದರು.

ಅಣ್ಣ ತೀರಿಕೊಂಡು ಎಂಟು ವರ್ಷವಾಯಿತು. ದಟ್ಟಗಳ್ಳಿಯ ಆ ಸೈಟಿನಲ್ಲಿ ಮೂರಂತಸ್ತಿನ ಮನೆ ಎದ್ದಿದೆ; ಹೊಂಗೆಯ ಮರ ಇಲ್ಲ. ಅವರ 501 ರೂಪಾಯಿಯ ಫೋನು ಮೈಸೂರಿನ ಮನೆಯ ಬೀರುವಿನಲ್ಲಿ, ಅವರ ಕನ್ನಡಕದ ಪಕ್ಕದಲ್ಲಿದೆ. ಭಾರತದಲ್ಲಿ ಆ ಜಾಲಗಳೆಲ್ಲ 2010ರ ದಶಕ ಮುಗಿಯುವಷ್ಟರಲ್ಲಿ ಮುಚ್ಚಿದವು. ಅಮೆರಿಕದಲ್ಲಿ ವೆರೈಜನ್ ಕಂಪನಿ ತನ್ನ ಸಿ.ಡಿ.ಎಂ.ಎ. ಜಾಲವನ್ನು 2022ರ ಕೊನೆಗೆ ನಿಲ್ಲಿಸಿತು. ಹಾಗಾಗಿ ಆ ಫೋನನ್ನು ಹೊತ್ತಿಸಿದರೂ ಅದಕ್ಕೆ ಮಾತನಾಡಲು ಯಾರೂ ಇಲ್ಲ. ಕಳೆದ ಬಾರಿ ಹೋದಾಗ ತೆಗೆದು ನೋಡಿದೆ. ಚಾರ್ಜರಿನ ತಂತಿಯನ್ನು ಅಮ್ಮ ಅದಕ್ಕೇ ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದಾಳೆ.